ವಿಕ್ಟೋರಿಯಾ ಜಲಪಾತ: ಜಿಂಬಾಬ್ವೆ ಕಡೆಯಿಂದ ನೋಡಬೇಕಾ, ಜಾಂಬಿಯಾ ಕಡೆಯಿಂದಲಾ?

ಆಫ್ರಿಕಾದಲ್ಲಿ ಈ ಎರಡು ದೇಶಗಳ ಗಡಿಯ ಮೇಲಿರುವ ವಿಕ್ಟೋರಿಯಾ ಜಲಪಾತಕ್ಕೆ ಹೊರಟವರೆಲ್ಲ ಕೇಳುವುದು ಇದೊಂದೇ ಪ್ರಶ್ನೆ. ನನ್ನ ಉತ್ತರ ಜಿಂಬಾಬ್ವೆ. ಟಿಕೆಟ್ ದುಬಾರಿ, ಚಿಲ್ಲರೆಯ ತಲೆನೋವು ಬೇರೆ, ಆದರೂ ಜಿಂಬಾಬ್ವೆಯೇ. ಎರಡೂ ಕಡೆ ದುಡ್ಡು ಕೊಟ್ಟು ಒಳಗೆ ಹೋಗಿದ್ದೇನೆ. ನದಿ ತುಂಬಿದ್ದ ಏಪ್ರಿಲ್‌ನಲ್ಲೂ ನೋಡಿದ್ದೇನೆ, ನೀರು ಇಳಿದ ಅಕ್ಟೋಬರ್ ಕೊನೆಯಲ್ಲೂ ನೋಡಿದ್ದೇನೆ. ಜಾಂಬಿಯಾ ಕಡೆಯಿಂದ ನೋಡಿ ಖುಷಿಪಟ್ಟವರು ಬೇಜಾರು ಮಾಡಿಕೊಳ್ಳಬೇಡಿ, ಆ ಕಡೆಗೂ ಒಂದಿಷ್ಟು ಅಂಕ ಕೊಟ್ಟೇ ಮುಗಿಸುತ್ತೇನೆ.

ಮೊದಲು ಜಾಗ ಹೇಗಿದೆ ಅಂತ ತಿಳಿದುಕೊಂಡರೆ ಉಳಿದದ್ದು ಸುಲಭ. ಜಾಂಬೆಜಿ ನದಿ 1708 ಮೀಟರ್ ಅಗಲಕ್ಕೆ ಹರಡಿಕೊಂಡು ಬಂದು ಒಮ್ಮೆಲೇ ಒಂದು ಬಿರುಕಿನೊಳಗೆ ಬೀಳುತ್ತದೆ. ಆಳ ಜಾಸ್ತಿ ಇರುವಲ್ಲಿ 108 ಮೀಟರ್. ಆದರೆ ಬಿರುಕು ಕಿರಿದು. ಎಷ್ಟು ಕಿರಿದು ಅಂದರೆ, ಬೀಳುವ ನೀರಿಗೆ ಎದುರಾಗಿ, ಅದೇ ಎತ್ತರದಲ್ಲಿ, ಇನ್ನೊಂದು ಗೋಡೆ ನಿಂತಿದೆ. ಆ ಗೋಡೆಯ ಮೇಲೆ ನಡೆಯುತ್ತಾ ಹೋದರೆ ಜಲಪಾತ ಉದ್ದಕ್ಕೂ ಮುಖಾಮುಖಿ ಸಿಗುತ್ತದೆ. ಆ ಗೋಡೆಯಲ್ಲಿ ಬಹುಪಾಲು ಜಿಂಬಾಬ್ವೆಯದು. ಜಾಂಬಿಯಾಕ್ಕೆ ಸಿಕ್ಕಿದ್ದು ಪೂರ್ವದ ತುದಿ, ಮತ್ತೆ ನೀರು ಬೀಳುವ ಅಂಚು. ಒಂದು ಕಡೆ ಎದುರಿಗೆ ನಿಂತು ನೋಡುತ್ತೀರಿ, ಇನ್ನೊಂದು ಕಡೆ ಪಕ್ಕದಲ್ಲಿ ನಿಂತು ನೋಡುತ್ತೀರಿ. ಅರ್ಧ ತೀರ್ಮಾನ ಇಲ್ಲೇ ಆಯ್ತು ಅಲ್ವಾ?

ಇನ್ನರ್ಧ ತೀರ್ಮಾನ ತಿಂಗಳ ಮೇಲೆ ನಿಂತಿದೆ. ಇಲ್ಲಿ ಒಂದು ವಿಚಿತ್ರ ಇದೆ. ಈ ಭಾಗದಲ್ಲಿ ಮಳೆಗಾಲ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್. ಆದರೆ ಜಲಪಾತ ತುಂಬುವುದು ಮಳೆ ನಿಂತ ಮೇಲೆ, ಏಪ್ರಿಲ್ ಹೊತ್ತಿಗೆ. ಯಾಕಂದರೆ ನೀರು ಬರುವುದು ದೂರದಿಂದ. ಅಂಗೋಲಾದಲ್ಲಿ, ಜಾಂಬಿಯಾದ ವಾಯವ್ಯ ಮೂಲೆಯಲ್ಲಿ ಬಿದ್ದ ಮಳೆ ಬರೋಟ್ಸೆ ಅನ್ನುವ ದೊಡ್ಡ ಬಯಲಿನಲ್ಲಿ ಹರಡಿ, ನಿಧಾನಕ್ಕೆ ಜಾರಿ, ವಾರಗಟ್ಟಲೆ ತಡವಾಗಿ ಇಲ್ಲಿಗೆ ತಲುಪುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಮೇಲೆ ನೀಲಿ ಆಕಾಶ, ಕೆಳಗೆ ಪ್ರವಾಹ. ಅಕ್ಟೋಬರ್, ನವೆಂಬರ್‌ನಲ್ಲಿ ಸುಡುವ ಬಿಸಿಲು, ನದಿ ಬಡಕಲು. "ಬಿಸಿಲಿದೆ, ನೆನೆಯಲ್ಲ ಬಿಡಿ" ಅಂತ ಏಪ್ರಿಲ್‌ನಲ್ಲಿ ಹೋಗುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಈಗ ನನ್ನ ದೊಡ್ಡ ಕಿರಿಕಿರಿಗೆ ಬರುತ್ತೇನೆ. ನೀರು. ಬೀಳುವ ನೀರಲ್ಲ, ಏಳುವ ನೀರು.

ಜಾಂಬಿಯಾ ಕಡೆ ನೈಫ್ ಎಡ್ಜ್ ಅಂತ ಒಂದು ಕಾಲುಸೇತುವೆ ಇದೆ. ಪೂರ್ವದ ಜಲಪಾತಕ್ಕೆ ಎದುರಾಗಿ ಚಾಚಿಕೊಂಡ ಕಿರಿದಾದ ಬಂಡೆಯ ಮೇಲಕ್ಕೆ ಹೋಗುವ ದಾರಿ ಅದು. ಏಪ್ರಿಲ್‌ನಲ್ಲಿ ಅದನ್ನು ದಾಟುವುದೆಂದರೆ ಮಳೆಯೊಳಗೆ ನಡೆದ ಹಾಗಲ್ಲ. ಮಳೆ ಮೇಲಿಂದ ಬರುತ್ತದೆ, ಅದಕ್ಕೆ ಟೋಪಿ ಇದೆ, ಕೊಡೆ ಇದೆ. ಇಲ್ಲಿ ನೀರು ಕಮರಿಯ ತಳಕ್ಕೆ ಅಪ್ಪಳಿಸಿ, ಗಾಳಿಯ ಜೊತೆ ಗೋಡೆ ಹತ್ತಿಕೊಂಡು ಮೇಲಕ್ಕೆ ಬರುತ್ತದೆ. ಮೊದಲು ಮೊಣಕಾಲು ನೆನೆಯುತ್ತದೆ, ಆಮೇಲೆ ಗದ್ದದ ಕೆಳಭಾಗ. ಮೇಲೆ ಹೋದ ನೀರು ಅಲ್ಲಿಂದ ತಿರುಗಿ ತಲೆಯ ಮೇಲೂ ಸುರಿಯುತ್ತದೆ, ಅದು ಬೇರೆ ಲೆಕ್ಕ. ಗೇಟಿನ ಹತ್ತಿರ ರೇನ್‌ಕೋಟ್ ಬಾಡಿಗೆಗೆ ಸಿಗುತ್ತದೆ. ತಗೊಂಡೆ. ತೆಳು ಪ್ಲಾಸ್ಟಿಕ್. ಕೆಳಗಿನ ಗಾಳಿಗೆ ಅದು ಸೊಂಟದ ತನಕ ಹಾರಿತು, ಟೋಪಿಯ ಭಾಗ ಹಿಂದಕ್ಕೆ ಬಿದ್ದು ಅದರಲ್ಲೇ ನೀರು ತುಂಬಿಕೊಂಡಿತು. ಫೋಟೊ ತೆಗೆಯೋಣ ಅಂತ ಕೈ ಎತ್ತಿದರೆ ತೋಳಿನೊಳಗೆ ಇಳಿದ ನೀರು ಮೊಣಕೈ ದಾಟಿ ಕಂಕುಳಿನವರೆಗೂ ತಣ್ಣಗೆ ಹರಿಯಿತು.

ಇಷ್ಟಾದರೂ ಪರವಾಗಿಲ್ಲ ಅನ್ನಬಹುದಿತ್ತು. ಆದರೆ ನಾನು ಕನ್ನಡಕದವನು. ಹಾಕಿಕೊಂಡರೆ ಹನಿಗಳು ಕಾಣುತ್ತವೆ, ತೆಗೆದರೆ ಏನೂ ಕಾಣುವುದಿಲ್ಲ. ಒರೆಸೋಣ ಅಂದರೆ ಕರ್ಚೀಫು ನೆಂದಿದೆ, ಅಂಗಿ ನೆಂದಿದೆ, ಪ್ಲಾಸ್ಟಿಕ್ಕಿಗೆ ಒರೆಸಿದರೆ ನೀರು ಆಚೆಯಿಂದ ಈಚೆಗೆ ಸರಿಯುತ್ತದೆ ಅಷ್ಟೇ. ಫೋನು ಹೊರಗೆ ತೆಗೆದೆ. ಪರದೆಯ ಮೇಲೆ ಬಿದ್ದ ಪ್ರತಿ ಹನಿಯನ್ನೂ ಅದು ಬೆರಳು ಅಂದುಕೊಂಡಿತು. ತಾನೇ ಜೂಮ್ ಆಯಿತು, ತಾನೇ ಸೆಲ್ಫಿಗೆ ತಿರುಗಿತು, ಕೊನೆಗೆ ಯಾರಿಗೋ ಕರೆ ಮಾಡಲು ಹೊರಟಿತು. ಅಷ್ಟರಲ್ಲಿ ಎದುರಿಗೆ ಏನಿತ್ತು ಅಂತ ಕೇಳಿದರೆ, ಬಿಳಿ. ಮಧ್ಯೆ ಒಂದೆರಡು ಕ್ಷಣ ಗಾಳಿ ಪಕ್ಕಕ್ಕೆ ಸರಿದಾಗ ಕಪ್ಪು ಬಂಡೆಯ ಒಂದು ತುಂಡು ಕಂಡಿತು, ಕಾಲಿನ ಕೆಳಗೆ ಪೂರ್ತಿ ಉಂಗುರದಂಥ ಕಾಮನಬಿಲ್ಲು ಕಂಡಿತು. ಅದು ಚೆಂದವೇ, ಸುಳ್ಳು ಹೇಳಲ್ಲ. ಜೊತೆಗಿದ್ದ ಹುಡುಗರು ಕಿರುಚಿ ಕುಣಿಯುತ್ತಿದ್ದರು, ಅವರಿಗೆ ಅದೇ ಬೇಕಿತ್ತು. ನನಗೆ ಜಲಪಾತ ಬೇಕಿತ್ತು.

ಜಿಂಬಾಬ್ವೆ ಕಡೆ ಏಪ್ರಿಲ್‌ನಲ್ಲಿ ನೆನೆಯುವುದಿಲ್ಲವಾ ಅಂದರೆ, ಖಂಡಿತ ನೆನೆಯುತ್ತೀರಿ. ನಡುವಿನ ಮುಖ್ಯ ಜಲಪಾತದ ಎದುರು ಅಲ್ಲೂ ಬರೀ ಬಿಳಿ. ವ್ಯತ್ಯಾಸ ಇರುವುದು ದಾರಿಯಲ್ಲಿ. ಇಲ್ಲಿ ಸಾಲಾಗಿ ನಂಬರ್ ಹಾಕಿದ ನೋಟದ ಜಾಗಗಳಿವೆ. ಪಶ್ಚಿಮದ ತುದಿಯಲ್ಲಿ, ಸ್ಕಾಟಿಷ್ ಅನ್ವೇಷಕ ಲಿವಿಂಗ್‌ಸ್ಟನ್ ಪ್ರತಿಮೆಯ ಹತ್ತಿರ, ಡೆವಿಲ್ಸ್ ಕ್ಯಾಟರಾಕ್ಟ್ ಅನ್ನುವ ಭಾಗವಿದೆ. ಅಲ್ಲಿ ತುಂಬಿದ ನದಿ ಅಂಚಿನಲ್ಲಿ ಬಾಗುವುದು, ಹಸಿರು ನೀರು ಬಿಳಿಯಾಗುವ ಜಾಗ, ಎಲ್ಲ ಕಣ್ಣಿಗೆ ಸಿಗುತ್ತದೆ. ತುಂತುರು ಜಾಸ್ತಿಯಾಯ್ತು ಅನ್ನಿಸಿದರೆ ಹತ್ತು ಹೆಜ್ಜೆ ಹಿಂದೆ ಸರಿದರೆ ಕಾಡು. ಈ ತುಂತುರಿನಿಂದಲೇ ಬೆಳೆದ ಮಳೆಕಾಡು ಅದು, ಸುತ್ತಲಿನ ಒಣ ಪ್ರದೇಶದಲ್ಲಿ ಇದೊಂದು ಪಟ್ಟಿ ಮಾತ್ರ ವರ್ಷವಿಡೀ ಹಸಿರು. ಮರದ ಕೆಳಗೆ ನಿಂತು ಕನ್ನಡಕ ಒರೆಸಿಕೊಂಡು ಮುಂದಿನ ನಂಬರಿಗೆ ಹೋಗಬಹುದು. ಬೇಡ ಅನ್ನಿಸಿದ ಜಾಗ ಬಿಟ್ಟು ಮುಂದೆ ಹೋಗಬಹುದು. ನೈಫ್ ಎಡ್ಜ್‌ನಲ್ಲಿ ಹಾಗಿಲ್ಲ, ಸೇತುವೆ ಹತ್ತಿದ ಮೇಲೆ ಹೋಗುವಾಗಲೂ ಸ್ನಾನ, ಬರುವಾಗಲೂ ಸ್ನಾನ.

ಅಕ್ಟೋಬರ್‌ನಲ್ಲಿ ಕಥೆ ತಿರುಗುಮುರುಗು. ಜಾಂಬಿಯಾ ಕಡೆ ಅದೇ ನೈಫ್ ಎಡ್ಜ್ ಮೇಲೆ ನಿಂತರೆ ಒಂದು ಹನಿ ಇಲ್ಲ. ಎದುರಿಗೆ ಜಲಪಾತವೂ ಇಲ್ಲ. ಉದ್ದಕ್ಕೆ ಕಪ್ಪು ಬಸಾಲ್ಟ್ ಬಂಡೆ, ಅಲ್ಲಲ್ಲಿ ದಾರದಷ್ಟು ನೀರು. ಇದಕ್ಕೆ ಕಾರಣ ಎರಡು. ನದಿಯ ಪಾತ್ರ ಪಶ್ಚಿಮದ ಕಡೆ ತಗ್ಗು, ಹಾಗಾಗಿ ನೀರು ಕಡಿಮೆಯಾದಾಗ ಇದ್ದಷ್ಟೂ ಡೆವಿಲ್ಸ್ ಕ್ಯಾಟರಾಕ್ಟ್ ಕಡೆಗೇ ಓಡುತ್ತದೆ. ಇನ್ನೊಂದು, ಜಾಂಬಿಯಾ ತನ್ನ ಕಡೆ ಜಲಪಾತದ ಮೇಲಿನಿಂದಲೇ ವಿದ್ಯುತ್ತಿಗೆ ನೀರು ತಿರುಗಿಸಿಕೊಳ್ಳುತ್ತದೆ. ಜಿಂಬಾಬ್ವೆ ಕಡೆ ಮಾತ್ರ ಆಗಲೂ ಪಶ್ಚಿಮ ತುದಿ ಗರ್ಜಿಸುತ್ತಿರುತ್ತದೆ, ನಡುವಿನ ಜಲಪಾತವೂ ಬೀಳುತ್ತಿರುತ್ತದೆ. ತುಂತುರು ಕಡಿಮೆ ಇರುವುದರಿಂದ ಕಮರಿಯ ತಳದವರೆಗೂ ಕಾಣುತ್ತದೆ. ನನ್ನ ಒಳ್ಳೊಳ್ಳೆಯ ಫೋಟೊಗಳೆಲ್ಲ ಈ ಸಲದವು.

ಬಂಡೆ ಬರಿದಾಗಿರುವಾಗ ಒಂದು ಲಾಭ ಇದೆ, ಕಲ್ಲಿನ ಕಥೆ ಓದಬಹುದು. ಬಸಾಲ್ಟಿನಲ್ಲಿ ಅಡ್ಡಕ್ಕೆ ದೊಡ್ಡ ಬಿರುಕುಗಳಿವೆ, ಒಳಗೆ ಮೆತ್ತನೆಯ ಕಲ್ಲು ತುಂಬಿದೆ. ನದಿ ಒಂದು ಬಿರುಕನ್ನು ಕೊರೆದು ಮುಗಿಸಿ, ಅದರ ಹಿಂದೆ ನದಿ ಬರುವ ಕಡೆ ಇರುವ ಬಿರುಕಿಗೆ ಸರಿಯುತ್ತಾ ಬಂದಿದೆ. ಕೆಳಗೆ ಅಂಕುಡೊಂಕಾಗಿ ಹೋಗುವ ಕಮರಿಗಳೆಲ್ಲ ಒಂದು ಕಾಲಕ್ಕೆ ಜಲಪಾತಗಳಾಗಿದ್ದವು. ಮುಂದಿನ ಸರದಿ ಡೆವಿಲ್ಸ್ ಕ್ಯಾಟರಾಕ್ಟಿನಿಂದಲೇ ಶುರುವಾಗಿದೆ ಅನ್ನುತ್ತಾರೆ ಭೂವಿಜ್ಞಾನಿಗಳು.

ಈಗ ಜಾಂಬಿಯಾದ ಅಂಕ. ಟಿಕೆಟ್ ಕಡಿಮೆ. ನಾನು ವಿದೇಶಿಯರ ದರ ಅಂತ ಜಿಂಬಾಬ್ವೆಯಲ್ಲಿ 50 ಡಾಲರ್ ಕೊಟ್ಟೆ, ಜಾಂಬಿಯಾದಲ್ಲಿ 20. ಮನೆಮಂದಿಯೆಲ್ಲ ಹೋದರೆ ಈ ವ್ಯತ್ಯಾಸದಲ್ಲಿ ಒಂದು ರಾತ್ರಿಯ ರೂಮು ಸಿಗುತ್ತದೆ. ಎರಡನೆಯದು ಬಾಯ್ಲಿಂಗ್ ಪಾಟ್. ಕಾಡಿನ ಮಧ್ಯೆ ಮೆಟ್ಟಿಲಿಳಿದು ಕಮರಿಯ ತಳಕ್ಕೆ ಹೋಗುವ ದಾರಿ, ಕೊನೆಯಲ್ಲಿ ಬಂಡೆ ಹತ್ತಿಳಿಯಬೇಕು. ಇಡೀ ನದಿ ಒಂದು ಸಂದಿಯಿಂದ ನುಗ್ಗಿ ಬಂದು ಸುಳಿ ತಿರುಗುವುದನ್ನು ಪಕ್ಕದಲ್ಲೇ ಕೂತು ನೋಡಬಹುದು. ತಲೆಯ ಮೇಲೆ, ಎತ್ತರದಲ್ಲಿ, ಎರಡು ದೇಶಗಳ ನಡುವಿನ ಸೇತುವೆ. ಜಿಂಬಾಬ್ವೆಯ ಉದ್ಯಾನದಲ್ಲಿ ಇಂಥದ್ದು ಇಲ್ಲ. ವಾಪಸ್ ಹತ್ತುವಾಗ ಏದುಸಿರು, ಮಂಡಿ ನೋವಿರುವವರು ಬಿಟ್ಟುಬಿಡಿ. ಮೂರನೆಯದು ಡೆವಿಲ್ಸ್ ಪೂಲ್, ಜಲಪಾತದ ತುಟಿಯ ಮೇಲೇ ಇರುವ ಹೊಂಡ. ನದಿ ಇಳಿದ ತಿಂಗಳುಗಳಲ್ಲಿ ಮಾತ್ರ, ಅದೂ ಗೈಡ್ ಜೊತೆ ಲಿವಿಂಗ್‌ಸ್ಟನ್ ದ್ವೀಪಕ್ಕೆ ಹೋಗಿ ಇಳಿಯಬೇಕು. ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ.

ಉಳಿಯುವ ಊರಿನ ವಿಷಯ. ಜಿಂಬಾಬ್ವೆಯಲ್ಲಿ ವಿಕ್ಟೋರಿಯಾ ಫಾಲ್ಸ್ ಅನ್ನುವ ಊರಿಂದ ಉದ್ಯಾನದ ಗೇಟಿಗೆ ನಡೆದೇ ಹೋಗಬಹುದು. ರಸ್ತೆ ಬದಿಯಲ್ಲಿ ಕಾಡುಹಂದಿಗಳು ಮಂಡಿಯೂರಿ ಹುಲ್ಲು ಮೇಯುತ್ತಿರುತ್ತವೆ. ಕತ್ತಲಾದ ಮೇಲೆ ನಡೆಯಬೇಡಿ, ಆನೆಗಳು ಊರೊಳಗೇ ಓಡಾಡುತ್ತವೆ. ಜಾಂಬಿಯಾದಲ್ಲಿ ಲಿವಿಂಗ್‌ಸ್ಟನ್ ಊರು ಜಲಪಾತದಿಂದ ಸುಮಾರು 10 ಕಿ.ಮೀ. ದೂರ, ಪ್ರತಿ ಸಲ ಟ್ಯಾಕ್ಸಿ ಹಿಡಿಯಬೇಕು. ಆದರೆ ಅದು ನಿಜವಾದ ಊರು, ಮಾರುಕಟ್ಟೆ ಇದೆ, ಊಟ ಅಗ್ಗ. ಜಿಂಬಾಬ್ವೆ ಕಡೆಯ ಊರು ಪ್ರವಾಸಿಗರಿಗಾಗಿಯೇ ಕಟ್ಟಿದ ಹಾಗಿದೆ. ನಡೆದು ಹೋಗುವ ಸುಖಕ್ಕೆ ನಾನು ಅದನ್ನೇ ಆರಿಸಿಕೊಂಡೆ. ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕು ಅನ್ನುವವನು ನಾನು, ಟ್ಯಾಕ್ಸಿಗೆ ಕಾಯುವುದು ನನ್ನ ಜಾಯಮಾನಕ್ಕೆ ಹೊಂದಲ್ಲ.

ಬಬೂನ್‌ಗಳು ಎರಡೂ ಕಡೆ ಕಳ್ಳರೇ. ಕೈಯಲ್ಲಿ ತಿಂಡಿ ಹಿಡಿಯಬೇಡಿ.

ಜಿಂಬಾಬ್ವೆಯ ಚಿಲ್ಲರೆ ಕಾಟದ ಬಗ್ಗೆ ಹೇಳಲೇಬೇಕು. ಅಲ್ಲಿ ಸ್ವಂತ ಹಣ ಜಿಗ್ ಇದೆ, 2024ರ ಏಪ್ರಿಲ್‌ನಲ್ಲಿ ಬಂತು. ಆದರೆ ಪ್ರವಾಸಿಗರ ವ್ಯವಹಾರವೆಲ್ಲ ಅಮೆರಿಕನ್ ಡಾಲರಿನಲ್ಲಿ. ಡಾಲರ್ ನೋಟು ಓಡಾಡುತ್ತದೆ, ಸೆಂಟ್ಸ್ ನಾಣ್ಯ ಇಲ್ಲ. ಮೂರೂವರೆ ಡಾಲರಿನ ಸಾಮಾನಿಗೆ ಐದು ಕೊಟ್ಟರೆ ಉಳಿದದ್ದಕ್ಕೆ ಒಂದು ಡಾಲರ್, ಜೊತೆಗೆ ಒಂದು ಚಾಕೊಲೇಟ್. ಕೆಲವೊಮ್ಮೆ ಆ ಒಂದು ಡಾಲರೂ ಇಲ್ಲ, "ಇನ್ನೊಂದೇನಾದರೂ ತಗೊಳ್ಳಿ" ಅನ್ನುತ್ತಾರೆ. ಕೈಗೆ ಬರುವ ಒಂದರ ನೋಟುಗಳು ಬಳಸಿ ಬಳಸಿ ಹಳೇ ಪಂಚೆಯ ಹಾಗೆ ಮೆತ್ತಗಾಗಿರುತ್ತವೆ. ಬೀದಿಯಲ್ಲಿ ಹುಡುಗರು ನೂರು ಟ್ರಿಲಿಯನ್ ಜಿಂಬಾಬ್ವೆ ಡಾಲರಿನ ನೋಟು ಮಾರುತ್ತಾರೆ. 2009ರಲ್ಲಿ ನಿಜವಾಗಿ ಚಲಾವಣೆಗೆ ಬಂದ ನೋಟು, ಒಂದರ ಮುಂದೆ 14 ಸೊನ್ನೆ. ಚೌಕಾಸಿ ಮಾಡಿ ತಗೊಂಡೆ, ಅದಕ್ಕೂ ಚಿಲ್ಲರೆ ಸಿಗಲಿಲ್ಲ. ಜಾಂಬಿಯಾದಲ್ಲಿ ಈ ಗೋಳಿಲ್ಲ. ಅಲ್ಲಿನ ಸ್ವಂತ ಹಣ ಕ್ವಾಚಾ ನಡೆಯುತ್ತದೆ, ಚಿಲ್ಲರೆ ಸಿಗುತ್ತದೆ. ಈ ಒಂದು ವಿಷಯದಲ್ಲಿ ಜಾಂಬಿಯಾ ಹತ್ತಕ್ಕೆ ಹತ್ತು.

ಎರಡೂ ಕಡೆ ಒಂದೇ ದಿನ ಮುಗಿಸಬಹುದಾ? ಆಗುತ್ತದೆ. ಎರಡು ದೇಶಗಳ ನಡುವೆ 1905ರಲ್ಲಿ ಕಟ್ಟಿದ ಉಕ್ಕಿನ ಕಮಾನು ಸೇತುವೆ ಇದೆ, ನೀರಿನಿಂದ 128 ಮೀಟರ್ ಎತ್ತರ. ರೈಲು, ಲಾರಿ, ಜನ ಎಲ್ಲ ಅದರ ಮೇಲೇ. ಎರಡೂ ಉದ್ಯಾನಗಳ ಗೇಟು ಗಡಿಯ ಹತ್ತಿರವೇ ಇವೆ, ನಡೆದು ದಾಟಬಹುದು. ವೀಸಾ ಒಂದು ನೋಡಿಕೊಳ್ಳಿ. ಕಾಜಾ ಯೂನಿವೀಸಾ ಅಂತ ಒಂದಿದೆ, 50 ಡಾಲರ್, 30 ದಿನ, ಎರಡು ದೇಶಕ್ಕೂ ಒಂದೇ. ಎಲ್ಲ ಪಾಸ್‌ಪೋರ್ಟಿಗೂ ಸಿಗಲ್ಲ, ನಿಮ್ಮದು ಪಟ್ಟಿಯಲ್ಲಿದೆಯಾ ಅಂತ ಹೊರಡುವ ಮೊದಲೇ ನೋಡಿ. ಬರೀ ಒಂದು ಪ್ರವೇಶದ ವೀಸಾ ಇಟ್ಟುಕೊಂಡು ಆ ಕಡೆ ದಾಟಿದರೆ ವಾಪಸ್ ಬರಲು ಮತ್ತೆ ದುಡ್ಡು ಬಿಚ್ಚಬೇಕು. ದಾಟುವುದೇ ಬೇಡ, ಸೇತುವೆ ಮೇಲೆ ನಿಂತು ಕಮರಿ ನೋಡಿದರೆ ಸಾಕು ಅನ್ನುವವರು ಗಡಿಯ ಕಚೇರಿಯಲ್ಲಿ ಸೇತುವೆಯ ಪಾಸ್ ಕೇಳಿ.

ನನ್ನ ಲೆಕ್ಕ ಇಷ್ಟು. ದುಡ್ಡು ಒಂದೇ ಟಿಕೆಟಿಗೆ ಸಾಲುತ್ತದೆ ಅಂದರೆ, ತಿಂಗಳು ಯಾವುದೇ ಇರಲಿ, ಜಿಂಬಾಬ್ವೆಗೆ ಹೋಗಿ. ಅಕ್ಟೋಬರ್, ನವೆಂಬರ್‌ನಲ್ಲಿ ಬರೀ ಜಾಂಬಿಯಾ ಟಿಕೆಟ್ ತಗೊಂಡು ಜಲಪಾತ ನೋಡುತ್ತೇನೆ ಅಂದರೆ 20 ಡಾಲರ್ ಕೊಟ್ಟು ಬಂಡೆ ನೋಡಿ ಬರುತ್ತೀರಿ, ಬಾಯ್ಲಿಂಗ್ ಪಾಟ್ ಇಳಿಯುವ ಆಸೆ ಇದ್ದರೆ ಮಾತ್ರ ಸರಿ. ನೆನೆಯುವುದೇ ಮಜಾ ಅನ್ನುವ ಮಕ್ಕಳು ಜೊತೆಗಿದ್ದರೆ, ಏಪ್ರಿಲ್ ಆಗಿದ್ದರೆ, ಜಾಂಬಿಯಾ ಅವರಿಗೆ ಹಬ್ಬ. ನೀವು ಒಣ ಬಟ್ಟೆಯ ಚೀಲ ಹಿಡಿದು ಹೊರಗೆ ಕೂತಿರಿ. ಇನ್ನು ನಾನು ಮತ್ತೆ ಹೋಗುವುದಾದರೆ ಜುಲೈ ಅಥವಾ ಆಗಸ್ಟ್. ಆಗ ನೀರು ಸಾಕಷ್ಟು ಇರುತ್ತದೆ, ತುಂತುರು ಇಳಿದಿರುತ್ತದೆ, ಬಿಸಿಲೂ ಹಿತ. ಜೇಬಿನಲ್ಲಿ ಒಂದರ, ಐದರ ನೋಟುಗಳ ಕಟ್ಟು, ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್, ಕನ್ನಡಕ ಒರೆಸಲು ಇನ್ನೊಂದು ಕವರಿನಲ್ಲಿ ಒಣ ಬಟ್ಟೆ. ಬಾಡಿಗೆ ರೇನ್‌ಕೋಟಿಗೆ ದುಡ್ಡು ದಂಡ, ನಿಮ್ಮದೇ ಗುಂಡಿ ಇರುವಂಥದ್ದನ್ನು ಒಯ್ಯಿರಿ.