ಕಾಕಂಬಿ ಲೈನಿಗೆ ಕೊರಿಯೋಲಿಸ್ ಮೀಟರ್: ಹಲವು ಹಂಗಾಮು ಬಳಸಿದ ಮೇಲೆ

ನಮ್ಮ ಸಕ್ಕರೆ ಕಾರ್ಖಾನೆಯಿಂದ ಡಿಸ್ಟಿಲರಿಗೆ ಹೋಗುವ ಕಾಕಂಬಿ ಲೈನಿನಲ್ಲಿ ಮೊದಲು ಹಲ್ಲುಚಕ್ರಗಳ ತಿರುಗಾಟದಿಂದ ಹರಿವು ಅಳೆಯುವ ಓವಲ್ ಗೇರ್ ಮೀಟರ್ ಇತ್ತು. ಕಸ, ಸಕ್ಕರೆ ಹರಳು ಸಿಕ್ಕಿ ಆಗಾಗ ಜಾಮ್ ಆಗುತ್ತಿತ್ತು. ಅದು ಅಳೆಯುತ್ತಿದ್ದದ್ದು ಲೀಟರ್, ನಮ್ಮ ಲೆಕ್ಕವೆಲ್ಲ ಟನ್ನಿನಲ್ಲಿ. ಕಾಕಂಬಿ ಬಿಸಿಯಾದರೆ ಹಿಗ್ಗುತ್ತದೆ, ನೊರೆ ಬಂದರೆ ಇನ್ನೂ ಜಾಸ್ತಿ. ಎರಡೂ ಕಡೆಯ ರಿಜಿಸ್ಟರ್ ತಾಳೆಯಾಗುವುದು ಹೇಗೆ?

ಕೊರಿಯೋಲಿಸ್ ಮಾಸ್ ಫ್ಲೋ ಮೀಟರ್ ಹಾಕಿದ ಮೇಲೆ ಆ ಜಗಳ ನಿಂತಿತು. ಇದರೊಳಗೆ ತಿರುಗುವ ಭಾಗವೇ ಇಲ್ಲ. ಸದಾ ಕಂಪಿಸುವ ಎರಡು ಕೊಳವೆಗಳಿವೆ. ದ್ರವ ಹರಿದಾಗ ಅವು ಚೂರು ತಿರುಚಿಕೊಳ್ಳುತ್ತವೆ. ಆ ತಿರುಚಿನಿಂದಲೇ ಎಷ್ಟು ತೂಕ ಹರಿಯಿತು ಎಂದು ಗೊತ್ತಾಗುತ್ತದೆ. ಫ್ರಾನ್ಸಿನ ಕೊರಿಯೋಲಿಸ್ 1835ರಲ್ಲಿ ವಿವರಿಸಿದ ಬಲ ಇದು. ಕಂಪನದ ಫ್ರೀಕ್ವೆನ್ಸಿಯಿಂದ ಡೆನ್ಸಿಟಿ, ಅದರಿಂದ ಬ್ರಿಕ್ಸ್ (ಕರಗಿರುವ ಸಕ್ಕರೆ, ಘನಾಂಶದ ಪ್ರಮಾಣ) ಕೂಡ ಸಿಗುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ. ಕಾಕಂಬಿಗೆ ನೀರು ಜಾಸ್ತಿ ಬೆರೆತರೆ ಸ್ಯಾಂಪಲ್ ಲ್ಯಾಬಿಗೆ ಹೋಗುವ ಮೊದಲೇ ಕಂಟ್ರೋಲ್ ರೂಮಿನಲ್ಲಿ ಕಾಣುತ್ತದೆ.

ಕ್ಯಾಟಲಾಗಿನಲ್ಲಿ ±0.1% ನಿಖರತೆ ಎಂದಿರುತ್ತದೆ. ಅದು ಗಾಳಿ ಇಲ್ಲದ, ಪೈಪ್ ತುಂಬಿ ಹರಿಯುವ ದ್ರವಕ್ಕೆ. ಮಂದವಾದ ಕಾಕಂಬಿಯಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಒಂದು ಹಂಗಾಮಿನಲ್ಲಿ ರೀಡಿಂಗ್ ಕುಣಿಯತೊಡಗಿತು. ಎಲ್ಲರೂ ಮೀಟರನ್ನೇ ಬೈದರು. ಡ್ರೈವ್ ಗೇನ್ (ಕೊಳವೆಗಳನ್ನು ಕಂಪಿಸುತ್ತಿಡಲು ಮೀಟರ್ ಹಾಕುವ ಶಕ್ತಿ) ನೋಡಿದರೆ ವಿಪರೀತ ಏರಿತ್ತು, ಅಂದರೆ ಕೊಳವೆಯಲ್ಲಿ ಗಾಳಿ. ಪಂಪಿನ ಸಕ್ಷನ್ ಕಡೆಯ ಗ್ಲ್ಯಾಂಡ್ (ಶಾಫ್ಟಿನ ಸುತ್ತ ಸೋರದಂತೆ ತಡೆಯುವ ಭಾಗ) ಸವೆದು ಗಾಳಿ ಎಳೆಯುತ್ತಿತ್ತು. ಪ್ಯಾಕಿಂಗ್ ಬದಲಿಸಿದೆವು, ರೀಡಿಂಗ್ ಸರಿಯಾಯಿತು. ಆಮೇಲಿಂದ ಡ್ರೈವ್ ಗೇನನ್ನೂ ಟ್ರೆಂಡ್ ಗ್ರಾಫಿಗೆ ಹಾಕಿದ್ದೇವೆ. ನೀವೂ ಹಾಕಿ, ಪಂಪಿನ ಆರೋಗ್ಯವೂ ಅದರಲ್ಲೇ ತಿಳಿಯುತ್ತದೆ.

ಕೊಳ್ಳುವಾಗ ಸೈಜ್ ಚಿಕ್ಕದು ಮಾಡಬೇಡಿ. ಕಾಕಂಬಿ ತಣ್ಣಗಾದಷ್ಟೂ ಮಂದ, ಪ್ರೆಷರ್ ಡ್ರಾಪ್ (ಮೀಟರಿನಲ್ಲಿ ಕಳೆದುಹೋಗುವ ಒತ್ತಡ) ಏರುತ್ತದೆ. ಹರಿವು ಕೆಳಗಿಂದ ಮೇಲಕ್ಕೆ ಇರುವಂತೆ ನಿಲ್ಲಿಸಿ ಕೂರಿಸಿದರೆ ಗಾಳಿ ಮೇಲೆ ಹೋಗುತ್ತದೆ, ಹಂಗಾಮು ಮುಗಿದಾಗ ತೊಳೆದು ಖಾಲಿ ಮಾಡುವುದೂ ಸುಲಭ. ನಡುವೆ ತೂತಿರುವ ತಟ್ಟೆಯಿಂದ ಹರಿವು ಅಳೆಯುವ ಆರಿಫೈಸ್ ಪ್ಲೇಟಿನ ಹಾಗೆ ಮುಂದೆ ಹಿಂದೆ ಉದ್ದನೆಯ ನೇರ ಪೈಪ್ ಬೇಕಿಲ್ಲ. ಝೀರೋ ಮಾಡುವಾಗ (ಹರಿವಿಲ್ಲದಾಗ ಸೊನ್ನೆ ತೋರಿಸುವಂತೆ ಹೊಂದಿಸುವಾಗ) ಮಾತ್ರ ಪೈಪ್ ತುಂಬಿರಬೇಕು, ಹರಿವು ಪೂರ್ತಿ ನಿಂತಿರಬೇಕು. ವಾಲ್ವ್ ಸೋರುತ್ತಿದ್ದರೆ ಆ ಝೀರೋ ಸುಳ್ಳು.

ಕ್ಯಾಲಿಬ್ರೇಷನ್ ಬಗ್ಗೆ ವಾದ ಬಂದರೆ ಪಾಲಕ್ಕಾಡಿನ ಎಫ್‌ಸಿಆರ್‌ಐ ಇದೆ. ದ್ರವ, ಅನಿಲಗಳ ಹರಿವಿನ ಅಳತೆಗೆಂದೇ 1987ರಲ್ಲಿ ಶುರುವಾದ ಸಂಶೋಧನಾ ಸಂಸ್ಥೆ ಅದು.

ಬೆಲೆ ಜಾಸ್ತಿ, ನಿಜ. ನೀರಿಗೆ, ಡಿಸ್ಟಿಲರಿಯಿಂದ ಹೊರಬರುವ ತ್ಯಾಜ್ಯ ದ್ರವವಾದ ಸ್ಪೆಂಟ್ ವಾಶ್‌ಗೆ ಸುಮ್ನೆ ಇದನ್ನು ಹಾಕಬೇಡಿ, ಮ್ಯಾಗ್ನೆಟಿಕ್ ಮೀಟರ್ ಸಾಕು. ತೂಕದ ಮೇಲೆ ದುಡ್ಡಿನ ಲೆಕ್ಕ ನಡೆಯುವ ಲೈನಿಗೆ ಮಾತ್ರ ಧೈರ್ಯವಾಗಿ ತಗೊಳ್ಳಿ.