ಹಾವೇರಿ ವಕೀಲರ ಸೇವೆ: 5ಕ್ಕೆ 1 ಸ್ಟಾರ್

ಬ್ಯಾಡಗಿ ಮೆಣಸಿನಕಾಯಿ ಮಾರಿದ ಬಾಕಿ ಹಣಕ್ಕೆ ಹಾವೇರಿಯ ವಕೀಲರೊಬ್ಬರ ಹತ್ತಿರ ಕೇಸ್ ಕೊಟ್ಟಿದ್ದೆ. ನಮ್ಮ ಬಳಿಯ ದಾಖಲೆಗಳನ್ನೆಲ್ಲ ಅಫಿಡವಿಟ್‌ನಲ್ಲಿ ತೋರಿಸಿ ಎಂದು ಕೋರ್ಟು ಆದೇಶ ಮಾಡಿತಂತೆ. ನನಗೆ ಯಾರೂ ಹೇಳಲೇ ಇಲ್ಲ. ಖಾತೆ ಪುಸ್ತಕ, ತೂಕದ ಚೀಟಿ ಎಲ್ಲ ಮನೆಯ ಟ್ರಂಕಿನಲ್ಲೇ ಇದ್ದವು. ತೆರೆದರೆ ಈಗಲೂ ಮೆಣಸಿನಕಾಯಿ ಘಾಟು ಬರುತ್ತದೆ. ಫೋನ್ ಮಾಡಿದಾಗಲೆಲ್ಲ ಗುಮಾಸ್ತರದು ಒಂದೇ ಮಾತು: "ಡೇಟ್ ಬಿದ್ದೈತ್ರಿ, ನೀವು ಬರೋದ್ ಬ್ಯಾಡ."

ಕೊನೆಗೆ ದಾವೆ ವಜಾ! ದಾಖಲೆ ತೋರಿಸುವ ಆದೇಶ ಪಾಲಿಸಲಿಲ್ಲ ಎಂದು, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 11, ನಿಯಮ 21ರ ಪ್ರಕಾರ. ಹೀಗೆ ವಜಾ ಆದರೆ ಅದೇ ವಿಷಯಕ್ಕೆ ಹೊಸ ದಾವೆ ಹಾಕಲೂ ಬರುವುದಿಲ್ಲ. ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ ಮಾತ್ರ. ಇಷ್ಟನ್ನೂ ಬಿಡಿಸಿ ಹೇಳಿದವರು ಹುಬ್ಬಳ್ಳಿಯ ಬೇರೆ ವಕೀಲರು. ಫೀಸು ಕೊಟ್ಟವನಿಗೆ ಒಂದು ಫೋನ್ ಮಾಡಬಹುದಿತ್ತು ಅಲ್ವಾ? ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಪ್ರತ್ಯೇಕ ನಂಬರ್) ಹಾಕಿ ನಿಮ್ಮ ಕೇಸ್ ನೀವೇ ನೋಡುತ್ತಿರಿ.