ಫೋರ್ಸ್ ಫೀಡ್‌ಬ್ಯಾಕ್ ಜಾಯ್‌ಸ್ಟಿಕ್: ಮೂರು ವರ್ಷ ಬಳಸಿದ ಮೇಲೆ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟಕ್ಕೆ ಬಳಸುವ ಈ ಸ್ಟಿಕ್ಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಮೂರು ವರ್ಷವಾಯಿತು. ಕಂಪನಿ ಹೆಸರು ಬೇಡ. ಆಟದ ವಿಮಾನದ ಮೇಲೆ ಬೀಳುವ ಬಲವನ್ನು ಕೈಗೆ ಮುಟ್ಟಿಸಲು ಒಳಗೆ ಎರಡು ಮೋಟರ್, ಅವಕ್ಕೆ ಪ್ಲಾಸ್ಟಿಕ್ ಗೇರುಗಳು. ಗೇರ್ ಇರುವ ಹಳೇ ಸ್ಟಿಕ್ ಯಾವುದನ್ನೇ ತಗೊಂಡರೂ ಒಂದಲ್ಲ ಒಂದು ದಿನ ನಾನು ಮುಂದೆ ಹೇಳುವ ತೊಂದರೆ ನಿಮಗೂ ಎದುರಾಗಬಹುದು.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್. ಎಕ್ಸ್-ಪ್ಲೇನ್ ಅನ್ನುವ ಆಟದಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಇಳಿಸುವುದಕ್ಕೆ ಅದು ಧಾರಾಳವಾಯಿತು. ಆದರೂ ನಾನು ಇಳಿಯುವಾಗ ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊನೆಯುತ್ತಿತ್ತು. ಹಿಂದೆ ನಿಂತಿದ್ದ ಮಗಳು, "ಅಪ್ಪ, ಇದೇನು ಜಂಬೂಸವಾರಿನಾ?" ಅಂದಳು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ.

ಒಂದು ದಿನ ಸುಮ್ನೆ ಒಂದೇ ಬೆರಳಲ್ಲಿ ಸ್ಟಿಕ್ ತಳ್ಳಿ ನೋಡಿದೆ. ಟಕ್. ಆ ಕಡೆಯಿಂದ ತಳ್ಳಿದರೆ ಮತ್ತೆ ಟಕ್. ಸ್ಟೇರಿಂಗ್ ಅಲ್ಲಾಡಿಸಿ ಮೆಕ್ಯಾನಿಕ್ "ಪ್ಲೇ ಬಂದಿದೆ ಸಾರ್" ಅಂತಾರಲ್ಲ, ಅದೇ. ಮಗಳ ಸ್ಕೇಲ್ ಇಟ್ಟು ಅಳೆದರೆ ಹಿಡಿಯ ತುದಿಯಲ್ಲಿ 4 ಮಿಲಿಮೀಟರ್. ವಿಂಡೋಸ್‌ನಲ್ಲಿ ಜಾಯ್‌ಸ್ಟಿಕ್ ಪರೀಕ್ಷಿಸುವ ಪುಟ ತೆರೆದೆ. ಸ್ಟಿಕ್ ಆ 4 ಮಿಲಿಮೀಟರ್ ಅಲ್ಲಾಡಿದರೂ ಪರದೆ ಮೇಲಿನ ಗುರುತು ಕದಲಲಿಲ್ಲ. ಅಲ್ಲಿಗೆ ವಿಷಯ ಗೊತ್ತಾಯಿತು. ಸೆನ್ಸರ್ ಮೋಟರ್ ಪಕ್ಕ ಕೂತಿದೆ. ಅದಕ್ಕೂ ನನ್ನ ಕೈಗೂ ನಡುವೆ ಗೇರ್ ಹಲ್ಲುಗಳ ಸಂದಿದೆ.

ನಾನು ಮಾಡಿದ್ದೆಲ್ಲ ಉಲ್ಟಾ. ಡೆಡ್ ಝೋನ್, ಅಂದರೆ ಸ್ಟಿಕ್ ಅಲ್ಲಾಡಿದರೂ ಆಟ ಲೆಕ್ಕಕ್ಕೆ ತಗೊಳ್ಳದ ನಡುವಿನ ಜಾಗ, ಜಾಸ್ತಿ ಮಾಡಿದೆ. ಮೊದಲೇ ಸತ್ತಿದ್ದ ಜಾಗ ಇನ್ನಷ್ಟು ಅಗಲವಾಯಿತು. ಆಮೇಲೆ ನಡುವಿಗೆ ಎಳೆಯುವ ಬಲವನ್ನು ಪೂರ್ತಿ ಏರಿಸಿದೆ. ಹಗುರವಾಗಿ ಹಿಡಿದರೆ ಸ್ಟಿಕ್ ತಾನಾಗಿಯೇ ನಡುಗತೊಡಗಿತು. ಮೋಟರ್ ಸಂದು ದಾಟುವಷ್ಟರಲ್ಲಿ ಮುಂದೆ ಹೋಗಿಬಿಡುತ್ತದೆ, ವಾಪಸ್ ಎಳೆಯುತ್ತದೆ, ಮತ್ತೆ ಆ ಕಡೆ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಮಿಕ್ಸಿ ಹಾಕಿದ ಸದ್ದು. ಮನೆಯಲ್ಲಿ ಬೈಸಿಕೊಂಡೆ.

ಈಗ ಡೆಡ್ ಝೋನ್ ಸೊನ್ನೆ. ಬಲ ಅರ್ಧಕ್ಕಿಂತ ಸ್ವಲ್ಪ ಮೇಲೆ. ಅಲುಗಾಟಕ್ಕೆ ತಡೆ ಒಡ್ಡುವ ಡ್ಯಾಂಪಿಂಗ್ ಏರಿಸಿದ ಮೇಲೆ ನಡುಕ ನಿಂತಿತು. ಶಿವರಾಂಪೇಟೆಯಲ್ಲಿ ಒಂದೆರಡು ಅಂಗಡಿ ಅಲೆದೆ, ಆ ಗೇರ್ ಸಿಗಲಿಲ್ಲ. ಪ್ಲಾಸ್ಟಿಕ್‌ಗೆ ಹಾಕುವ ಗ್ರೀಸ್ ತಂದು ನಾನೇ ಬಿಚ್ಚಿ ಹಚ್ಚಿದೆ. ಟಕ್ ಸದ್ದು ಮೆತ್ತಗಾಯಿತು, ಸಂದು ಹಾಗೇ ಇದೆ.

ಮತ್ತೆ ಯಾಕೆ ಇಟ್ಟುಕೊಂಡಿದ್ದೀಯ ಅಂತ ಸ್ನೇಹಿತರು ಕೇಳುತ್ತಾರೆ. ಟ್ರಿಮ್‌ಗೋಸ್ಕರ, ಅಂದರೆ ಸ್ಟಿಕ್ ಒತ್ತಿ ಹಿಡಿಯದೆಯೇ ವಿಮಾನ ಹಾಗೇ ಹಾರುತ್ತಿರುವಂತೆ ಮಾಡುವ ಹೊಂದಾಣಿಕೆಗೋಸ್ಕರ. ಸ್ಪ್ರಿಂಗ್ ಜಾಯ್‌ಸ್ಟಿಕ್‌ನಲ್ಲಿ ನಡು ಒಂದೇ ಕಡೆ. ಟ್ರಿಮ್ ತಿರುಗಿಸುತ್ತಾ ಕೈಯನ್ನೂ ಮೆಲ್ಲಗೆ ವಾಪಸ್ ತರಬೇಕು. ಇಲ್ಲಿ ಟ್ರಿಮ್ ತಿರುಗಿಸಿದಂತೆ ಕೈ ಎಲ್ಲಿದೆಯೋ ಅಲ್ಲಿಗೇ ನಡು ಬಂದು ನಿಲ್ಲುತ್ತದೆ, ಕೈ ಮೇಲಿನ ಭಾರ ಇಳಿಯುತ್ತದೆ. ವೇಗ ತಗ್ಗಿದಂತೆ ಸ್ಟಿಕ್ ಸಡಿಲವಾಗುತ್ತದೆ. ಸ್ಟಾಲ್ (ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಹತ್ತಿರ ಬಂತು ಅಂತ ಮೀಟರ್ ನೋಡದೆಯೇ ಬೆರಳಿಗೆ ತಿಳಿಯುತ್ತದೆ.

ಎರಡು ಮಾತು ನೆನಪಿರಲಿ. ಡಿಸಿಎಸ್ ಅನ್ನುವ ಯುದ್ಧವಿಮಾನದ ಆಟದಲ್ಲಿ ಫೋರ್ಸ್ ಫೀಡ್‌ಬ್ಯಾಕ್ ನೇರವಾಗಿ ಕೆಲಸ ಮಾಡುತ್ತದೆ, ನನ್ನ ಎಕ್ಸ್-ಪ್ಲೇನ್‌ಗೆ ಬೇರೆ ಪ್ಲಗಿನ್ (ಜೊತೆಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಬೇಕಾಯಿತು. ಇನ್ನೊಂದು, ನನ್ನದರಲ್ಲಿ ಸ್ಪ್ರಿಂಗ್ ಇಲ್ಲ. ಕರೆಂಟ್ ಹೋದರೆ ಬಾಡಿದ ಸೊಪ್ಪಿನ ದಂಟಿನ ಹಾಗೆ ವಾಲಿಬಿಡುತ್ತದೆ. ಹಾಗಾಗಿ ಕೊಳ್ಳುವಾಗ ಕರೆಂಟ್ ಕೊಟ್ಟೇ ಬೆರಳಲ್ಲಿ ತಳ್ಳಿ ನೋಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸ್ಕೇಲನ್ನು ಮಗಳಿಗೆ ವಾಪಸ್ ಕೊಟ್ಟಿಲ್ಲ. ಆಗಾಗ ಅಳೆಯುತ್ತಿರುತ್ತೇನೆ, ಸದ್ಯಕ್ಕೆ 4ರಲ್ಲೇ ನಿಂತಿದೆ.